ಎಡಗೈಯ ಐದು ಗುಂಡು

ನಾನು ಒಂದು ಪಿಸ್ತೂಲು. ನನಗೆ ಸಿಟ್ಟು ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ, ಕೊರೆದು, ಎಣ್ಣೆಯಲ್ಲಿ ಅದ್ದಿ ನನ್ನನ್ನು ಮಾಡಿದರು. ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೀಲಿಯನ್ನು ನನ್ನ ಎಡಪಕ್ಕೆಯಲ್ಲಿಟ್ಟರು, ಬಲಗೈಯ ಹೆಬ್ಬೆರಳಿಗೆ ಎಟುಕಲಿ ಎಂದು. ಎಡಗೈಯವರು ಏನು ಮಾಡಬೇಕು? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆಗಿನ್ನೂ ಹೊಸತು.

ಮರದ ಪೆಟ್ಟಿಗೆಯಲ್ಲಿ ಮಲಗಿಕೊಂಡು ಕೃಷ್ಣಾ ತೀರದ ಒಂದು ಪೊಲೀಸ್ ತರಬೇತಿ ಮೈದಾನಕ್ಕೆ ಬಂದೆ. ಅಲ್ಲಿ ಗುಂಡು ಹೊಡೆಯುವುದನ್ನು ಕಲಿಸುವ ಉಸ್ತಾದ ರಾಚಪ್ಪನದೇ ರಾಜ್ಯ. ಆಯುಧಪೂಜೆಯ ದಿನ ನನಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದ. ಅಂಥ ನನ್ನನ್ನು ಎಡಗೈಯಲ್ಲಿ ತೆಗೆದುಕೊಂಡರೆ ಅವನಿಗೆ ಮೈಯೆಲ್ಲ ಉರಿ. ನಾನೇನು ದೇವರ ಪ್ರಸಾದವೇ? ಮನುಷ್ಯರನ್ನು ಕೊಲ್ಲಲು ಮಾಡಿದ ವಸ್ತು. ನನಗೆಂಥ ಮಡಿ!

ಹೊಸ ಕಾನ್‌ಸ್ಟೆಬಲ್ ನೀಲಗಂಗಾ ನನ್ನನ್ನು ಹಿಡಿದದ್ದು ಪರೀಕ್ಷೆಯ ದಿನ. ಬಲಗೈಯಲ್ಲಿ ಹತ್ತು ಗುಂಡು, ಆರು ಗುರಿಗೆ ಬೀಳಬೇಕು. ಬೀಳದಿದ್ದರೆ ಜೊತೆಯವರೆಲ್ಲ ಠಾಣೆಗಳಿಗೆ ಹೊರಡುತ್ತಾರೆ, ಅವಳು ಮಾತ್ರ ಇನ್ನಾರು ತಿಂಗಳು ಇಲ್ಲೇ ಕೊಳೆಯಬೇಕು. ಆಮೇಲೆ ಎಡಗೈಯಲ್ಲಿ ಐದು. ಬಲಗೈಗೆ ಪೆಟ್ಟಾದರೆ ಇರಲಿ ಎಂಬ ರೂಢಿ ಅಷ್ಟೇ, ಅದಕ್ಕೆ ಅಂಕವಿಲ್ಲ.

ಅವಳ ಬಲಗೈ ನಡುಗುತ್ತಿತ್ತು. ಮೂರು ಬಿದ್ದವು. ಉಳಿದ ಏಳನ್ನು ಹಿಂದಿನ ಮಣ್ಣುದಿಬ್ಬ ನುಂಗಿತು. ಆಮೇಲೆ ಎಡಗೈಗೆ ಹೋದೆ. ಅಬ್ಬಾ, ಎಂಥ ಹಿಡಿತ! ಸೇಫ್ಟಿ ಕೀಲಿಯನ್ನು ತೋರುಬೆರಳಿನಿಂದ ಜಾರಿಸಿದಳು, ಉಸಿರು ಬಿಟ್ಟಳು, ಹೊಡೆದಳು. ಐದಕ್ಕೆ ಐದೂ ಗುರಿಹಾಳೆಯ ನಡುವಿನ ಕರಿಚುಕ್ಕೆಯಲ್ಲಿ.

ಪಕ್ಕದವಳು ಇವಳ ಹಾಳೆಗೆ ಹೊಡೆದಿರಬೇಕು ಎಂದ ರಾಚಪ್ಪ. ಪಕ್ಕದವಳನ್ನು ಸರಿಸಿ ಇನ್ನೈದು ಗುಂಡು ಕೊಟ್ಟ. ಮತ್ತೆ ಐದೂ ಅಲ್ಲೇ.

“ಯಾವ ಕೈಲೆ ಉಣ್ತೀ?” ಎಂದು ಕೇಳಿದ.

“ಬಲಗೈಲೇರಿ.”

“ಖರೇ ಹೇಳು.”

“ಮನ್ಯಾಗ ಯಾರೂ ಇಲ್ದಾಗ ಎಡಗೈಲೆ ಉಣ್ತೀನ್ರಿ.”

ಚಿಕ್ಕವಳಿದ್ದಾಗ ಊಟಕ್ಕೆ ಕೂತಾಗೆಲ್ಲ ಅಜ್ಜಿ ಅವಳ ಎಡಗೈಯನ್ನು ಹಳೇ ಸೀರೆಯ ಚಿಂದಿಯಿಂದ ಬೆನ್ನಿಗೆ ಕಟ್ಟುತ್ತಿದ್ದಳಂತೆ. ಒಂದೇ ಒಂದು ಸಲ ಹತ್ತೂ ಗುಂಡನ್ನು ಎಡಗೈಯಲ್ಲಿ ಹೊಡೆಯಲು ಬಿಡಿ ಎಂದು ನೀಲಗಂಗಾ ಬೇಡಿಕೊಂಡಳು.

“ಕುಣಿಲಾರದಾಕಿ ನೆಲ ಡೊಂಕು ಅಂದಳಂತ,” ಎಂದ ರಾಚಪ್ಪ. “ಪೂಜಿ ಮಾಡೂ ವಸ್ತು ಇದು. ಎಡಗೈಲೆ ತಗೋಬ್ಯಾಡವಾ. ಎಲ್ಲಾರೂ ಕಲ್ತಾರ, ನೀನೂ ಕಲಿತಿ.”

ರಿಜಿಸ್ಟರಿನಲ್ಲಿ ಮೂರು ಎಂದು ಬರೆದ. ಥೂ! ಕಣ್ಣೆದುರು ಎಡಗೈಯಲ್ಲಿ ಹತ್ತಕ್ಕೆ ಹತ್ತು ಬಿದ್ದಿದೆ, ಬರೆದದ್ದು ಮೂರು. ಅವತ್ತು ನನ್ನ ನಳಿಗೆ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು.

ಆರು ತಿಂಗಳು ಅವಳು ಅತ್ತುಕೊಂಡೇ ಬಲಗೈಯನ್ನು ಪಳಗಿಸಿದಳು. ಅಂಗೈಗೆ ಬೊಬ್ಬೆ ಬಂತು, ಒಡೆಯಿತು, ಕೊನೆಗೆ ಏಳು ಗುಂಡು ಬಿದ್ದವು. ಪಾಸಾಗಿ ಹೋದಳು. ನಾನು ನೂರಾರು ಕೈ ಬದಲಾಯಿಸಿದೆ, ಅಂಥ ಎಡಗೈ ಮತ್ತೆ ಸಿಗಲಿಲ್ಲ.

ಹನ್ನೊಂದು ವರ್ಷದ ಮೇಲೆ ರಾಚಪ್ಪ ನಿವೃತ್ತನಾದ. ಅವನ ಜಾಗಕ್ಕೆ ಉಸ್ತಾದಳಾಗಿ ಬಂದವಳು ನೀಲಗಂಗಾ! ನನ್ನ ಸ್ಪ್ರಿಂಗು ಸಡಿಲವಾಗಿತ್ತು, ಆದರೂ ಹಿಗ್ಗಿದೆ. ಇನ್ನು ಈ ಮೈದಾನಕ್ಕೆ ನ್ಯಾಯ ಬಂತು ಎಂದುಕೊಂಡೆ. ಪರೀಕ್ಷೆಯ ದಿನ ಭಾಗವ್ವ ಎಂಬ ಹುಡುಗಿಗೆ ನನ್ನನ್ನು ಕೊಡಲು ಕೈಚಾಚಿದಳು. ಮುಂದೆ ಬಂದದ್ದು ಹುಡುಗಿಯ ಎಡಗೈ. ನೀಲಗಂಗಾ ಅದನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು.

“ಎಡಗೈಲೆ ತಗೋಬ್ಯಾಡವಾ,” ಎಂದಳು. “ನಾ ಕಲ್ತಿಲ್ಲೇನು? ನೀನೂ ಕಲಿತಿ.”

ಹುಡುಗಿ ಬಲಗೈಯಲ್ಲಿ ಹೊಡೆದಳು. ಮೂರು ಬಿದ್ದವು.

ಈಗ ನಾನು ಸವೆದ ಪಿಸ್ತೂಲುಗಳ ಪೆಟ್ಟಿಗೆಯಲ್ಲಿದ್ದೇನೆ. ಇವತ್ತೋ ನಾಳೆಯೋ ಕತ್ತರಿಸಿ ಕುಲುಮೆಗೆ ಹಾಕುತ್ತಾರೆ, ಹಾಕಲಿ. ರಾಚಪ್ಪನ ಮೇಲಿನ ಸಿಟ್ಟು ಎಂದೋ ಆರಿದೆ. ಕಟ್ಟಿಸಿಕೊಂಡ ಕೈ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನೀಲಗಂಗಾಳಿಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಮೂರು ಎಂದು ಬರೆಯುವಾಗ ಅವಳ ಬಲಗೈ ಒಂದಿಷ್ಟೂ ನಡುಗಲಿಲ್ಲ.