ಮನೆಯಲ್ಲೇ ಬಿಟ್ಟ ಮೈಕು

ಐದು ಕಿಲೋಗಿಂತ ಹೆಚ್ಚು ಭಾರ ಹೊರಕೂಡದೆಂದು ಬೆನ್ನಿನ ಡಾಕ್ಟರು ಕಟ್ಟಪ್ಪಣೆ ಮಾಡಿದ ಮೇಲೆ, ಅಡುಗೆಮನೆಯ ತಕ್ಕಡಿ ಅವಳ ಕೋಣೆಗೆ ಬಂದು ಕೂತಿತ್ತು. ಚಾನೆಲ್ಲಿನಲ್ಲಿ ಅವಳಿಗೆ ‘ಒಂಟಿ ದಂಡು’ ಎಂದೇ ಹೆಸರು. ವರದಿ ಅವಳದೇ, ಕ್ಯಾಮೆರಾ ಅವಳದೇ, ಎಡಿಟಿಂಗೂ ಅವಳದೇ, ಬೈಸಿಕೊಳ್ಳುವುದಕ್ಕೂ ಪಾಲುದಾರರಿರಲಿಲ್ಲ.

ಆ ಬೆಳಿಗ್ಗೆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನ ಕೆಲಸ. ಎರಡು ದಿನದ ಹಿಂದೆ ಅಲ್ಲಿ ಬೆಂಕಿ ಬಿದ್ದು ಹನ್ನೊಂದು ಹೆಣ್ಣುಮಕ್ಕಳು ಸತ್ತಿದ್ದರು. ಹಿಂಬಾಗಿಲಿಗೆ ಬೀಗ ಹಾಕಿತ್ತು. ಕೀಲಿ ಇದ್ದದ್ದು ಕಾವಲುಗಾರನ ಹತ್ತಿರ ಎಂದು ಮಾಲೀಕರು ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದ್ದರು. ಅವನೋ ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ.

ಅಧಿಕಾರಿಗಳು ಬಂದು ಹೋಗುವುದನ್ನು ಚಿತ್ರೀಕರಿಸಿದರೆ ಸಾಕಿತ್ತು. ಕ್ಯಾಮೆರಾ, ಲೆನ್ಸು, ಬ್ಯಾಟರಿ, ನೀರಿನ ಬಾಟಲಿ ಇಡುವಷ್ಟರಲ್ಲೇ ತಕ್ಕಡಿಯ ಮುಳ್ಳು ಐದನ್ನು ಮುಟ್ಟಿತು. ಸ್ಟ್ಯಾಂಡು ಹೊರಗುಳಿಯಿತು, ಲೈಟೂ ಉಳಿಯಿತು. ಕಾಲರಿಗೆ ಸಿಕ್ಕಿಸುವ ಮೈಕು, ಹೆಡ್‌ಫೋನು ಇದ್ದ ಪುಟ್ಟ ಚೀಲವನ್ನು ಕೈಯಲ್ಲೇ ತೂಗಿ ನೋಡಿ ಮಂಚದ ಮೇಲೆ ಹಾಕಿದಳು.

“ಅಷ್ಟು ಸಣ್ಣದಕ್ಕೂ ಜಿಪುಣತನವೇನೇ?” ಎಂದರು ಅಮ್ಮ.

“ಸಣ್ಣಪುಟ್ಟದ್ದೆಲ್ಲ ಸೇರೇ ಸೊಂಟ ಮುರಿಯೋದು ಅಮ್ಮ. ಗೇಟಿನ ಹತ್ರ ಗಲಾಟೆ ಬಿಟ್ರೆ ಇನ್ನೇನ್ ಕೇಳ್ಬೇಕು?”

ಗೇಟಿನ ಬಳಿ ಕಾವಲುಗಾರನ ಭಾಮೈದ ಏದುಸಿರು ಬಿಡುತ್ತ ಬಂದ. “ಭಾವನಿಗೆ ಎಚ್ಚರ ಆಗಿದೆ. ಕ್ಯಾಮೆರಾದವರ ಮುಂದೆ ಮಾತಾಡ್ಬೇಕಂತೆ. ಯಾರಾದ್ರೂ ಬನ್ನಿ.”

ಸ್ಟ್ಯಾಂಡು, ಕೊಡೆ, ವೈರು ಹೂಡಿಕೊಂಡು ಕೂತಿದ್ದ ದೊಡ್ಡ ಚಾನೆಲ್ಲಿನವರು ಕದಲಲಿಲ್ಲ. ಇವಳು ಅವನ ಹಿಂದೆಯೇ ಓಡಿದಳು. ಚೀಲ ಚಿಕ್ಕದಿದ್ದುದರಿಂದ ಆಸ್ಪತ್ರೆಯ ಸೆಕ್ಯುರಿಟಿಯವನು ಇವಳನ್ನು ರೋಗಿಯ ಕಡೆಯವಳೆಂದುಕೊಂಡು ಒಳಗೆ ಬಿಟ್ಟ. ಅವಳು ಮನಸ್ಸಿನಲ್ಲೇ ತಕ್ಕಡಿಗೆ ಕೈಮುಗಿದಳು.

ವಾರ್ಡಿನ ಗಾಜಿನ ಹೊರಗೆ ಕಾವಲುಗಾರನ ಹೆಂಡತಿ ನಿಂತಿದ್ದಳು. “ಒಬ್ಬರೇ, ಐದೇ ನಿಮಿಷ,” ಎಂದಳು ನರ್ಸು. ಪರದೆ ಎಳೆದಿದ್ದರಿಂದ ಒಳಗೆ ಕತ್ತಲು. ಇವಳು ಫೋನಿನ ಟಾರ್ಚು ಹಚ್ಚಿ ಕಪಾಟಿನ ಮೇಲಿಟ್ಟಳು. ಅವನ ತಲೆದೆಸೆಯಲ್ಲಿ ಆಮ್ಲಜನಕದ ಯಂತ್ರ ಬುಸುಗುಡುತ್ತಿತ್ತು. ಕ್ಯಾಮೆರಾವನ್ನು ಮಂಚದ ಆಚೆ ಕುರ್ಚಿಯ ಮೇಲೆ ಕೂರಿಸಿ, ತಾನು ಅವನ ಬಾಯಿಯ ಹತ್ತಿರ ಕಿವಿ ತಂದಳು.

“ಕೀಲಿ ನನ್ಹತ್ರ ಇರ್ಲಿಲ್ಲ,” ಎಂದ. “ತಿಂಗಳ ಹಿಂದೇನೇ ಮ್ಯಾನೇಜರ್ರು ಕಿತ್ಕೊಂಡ್ರು. ಬಟ್ಟೆ ಕಳುವಾಗುತ್ತೆ ಅಂದ್ರು. ಒಳಗಿಂದ ಬಡೀತಿದ್ರು. ನಾನು ಕೈಯಲ್ಲೇ ಬಾಗಿಲು ಎಳೆದೆ. ಬರ್ಲಿಲ್ಲ.” ನಾಲ್ಕು ನಿಮಿಷ, ಒಂದೊಂದು ಮಾತಿಗೂ ಒಂದೊಂದು ಉಸಿರು. ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿತು.

ಅವಳು ಕಚೇರಿ ತಲುಪುವಷ್ಟರಲ್ಲಿ ಅವನು ತೀರಿಕೊಂಡಿದ್ದ.

ಎಡಿಟಿಂಗ್ ಕೋಣೆಯಲ್ಲಿ ಚಿತ್ರ ತೆರೆದು ಧ್ವನಿಯನ್ನು ಪೂರ್ತಿ ಏರಿಸಿದಳು. ಯಂತ್ರದ ಬುಸುಬುಸು ಬಿಟ್ಟರೆ ಏನೂ ಇರಲಿಲ್ಲ. ಹೆಡ್‌ಫೋನು ಹಾಕಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹಾಳಾದ್ದು, ಫೋನನ್ನಾದರೂ ದಿಂಬಿನ ಪಕ್ಕ ಇಟ್ಟಿದ್ದರೆ ಆಗುತ್ತಿತ್ತು! ಹದಿನಾಲ್ಕು ವರ್ಷದ ಅನುಭವ ಆ ಹೊತ್ತಿಗೆ ಎಲ್ಲಿ ಸತ್ತುಹೋಗಿತ್ತೋ. ತನ್ನ ಕಿವಿಗೆ ಕೇಳಿಸಿದ್ದನ್ನು ಕ್ಯಾಮೆರಾಗೂ ಕೇಳಿಸಿತೆಂದು ನಂಬಿಬಿಟ್ಟಿದ್ದಳು.

ಎಲ್ಲರೂ ‘ದೊಡ್ಡಣ್ಣ’ ಎನ್ನುವ ಸುದ್ದಿ ಮುಖ್ಯಸ್ಥ ಮೂರು ಸಲ ನೋಡಿದ. “ತುಟಿ ಅಲ್ಲಾಡುತ್ತೆ, ಅಷ್ಟೇ. ಇದನ್ನ ಹಾಕಿದ್ರೆ ಮಾಲೀಕರ ವಕೀಲರು ನಮ್ಮನ್ನ ಹುರಿದು ಮುಕ್ತಾರೆ.”

“ನಾನೇ ಕೇಳಿಸ್ಕೊಂಡಿದೀನಿ ದೊಡ್ಡಣ್ಣ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

“ಹೇಳು. ಸುದ್ದಿಗೋಸ್ಕರ ಕಟ್ಟಿದ ಕಥೆ ಅಂತಾರೆ.”

ಸಂಜೆಯ ಸುದ್ದಿಯಲ್ಲಿ ಕಾವಲುಗಾರನೇ ಅಪರಾಧಿ ಎಂಬ ಮಾಲೀಕರ ಹೇಳಿಕೆ ಓದಿದರು. ಅವಳು ಶವಾಗಾರಕ್ಕೆ ಹೋದಳು. ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಅವನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇವಳು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟಳು. ಮೈಕು ಬಿಟ್ಟುಬಂದದ್ದು, ಮಾತು ಸಿಗದೇ ಹೋದದ್ದು, ಎಲ್ಲ. ಬಯ್ಯಲಿ, ಹೊಡೆಯಲಿ ಎಂದು ಕಾದಳು.

ಹೆಂಡತಿ ಒಂದು ಚಪ್ಪಲಿಯ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಎಚ್ಚರ ಆದಾಗಿಂದ ನನ್ಹತ್ರ ಏನೋ ಹೇಳೋಕೆ ಒದ್ದಾಡ್ತಿದ್ರು ಅಕ್ಕ. ಉಸಿರು ಉಳಿಸ್ಕೊಳ್ಳಿ, ಕ್ಯಾಮೆರಾದವರು ಬರ್ತಾರೆ, ಅವರ ಮುಂದೆ ಹೇಳಿ ಅಂತ ನಾನೇ ಬಾಯಿ ಮುಚ್ಚಿಸ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನನ್ನ ಬಗ್ಗೆ ಏನಾದ್ರೂ ಅಂದ್ರಾ?”

ಒಂದು ಸುಳ್ಳು ಇವಳ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

“ಇಲ್ಲಮ್ಮ,” ಎಂದಳು. “ಕೀಲಿ ವಿಷಯ ಮಾತ್ರ.”