ಎಡಕ್ಕೆ ಜಗ್ಗುವ ದನಿ

ಇದನ್ನು ಹೇಳಲು ನನಗೆ ಇಷ್ಟವಿಲ್ಲ. ಆದರೂ ಹೇಳಲೇಬೇಕು. ತಪ್ಪು ನನ್ನದು, ಅದೂ ಒಂಬತ್ತು ದಿನ ಅಳತೆಪಟ್ಟಿ ಹಿಡಿದು ಶ್ರದ್ಧೆಯಿಂದ ಮಾಡಿದ ತಪ್ಪು.

ಚಿಂಚವಾಡದ ಹೊಸ ಫ್ಲ್ಯಾಟಿಗೆ ಸಾಮಾನು ಬಂದ ಮರುದಿನವೇ ನಾನು ಸ್ಪೀಕರ್ ಜೋಡಿಸಲು ನಿಂತೆ. ಅಡುಗೆಮನೆಯ ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚದಿದ್ದರೆ ಇರಲಿ, ನನಗೆ ಸ್ಪೀಕರ್ ಮೊದಲು. ಇಪ್ಪತ್ತು ವರ್ಷದಿಂದ ಜನರ ಮನೆಗಳಿಗೆ ಹೋಗಿ ಇದನ್ನೇ ಮಾಡಿ ಹೊಟ್ಟೆ ಹೊರೆದವನು ನಾನು. ಗೋಡೆಯಿಂದ ಎರಡು ಅಡಿ ಮುಂದೆ, ಮೂಲೆಯಿಂದ ದೂರ, ಎರಡು ಸ್ಪೀಕರ್ ಪೆಟ್ಟಿಗೆಗಳ ನಡುವೆ ಎಷ್ಟು ಅಂತರವೋ ಕೇಳುವವರ ಕುರ್ಚಿಗೂ ಅಷ್ಟೇ ಅಂತರ. ಸರಿಯಾಗಿ ಕೂತರೆ ಹಾಡುವವಳ ದನಿ ಎರಡರ ನಡುವಿನ ಖಾಲಿ ಗೋಡೆಯಿಂದ ಬರುತ್ತದೆ. ಅಲ್ಲಿ ಯಾರೋ ನಿಂತು ಹಾಡಿದ ಹಾಗೇ ಕೇಳಿಸುತ್ತದೆ.

ಬೆಳಗಾವಿಯಲ್ಲಿ ನನಗೆ ಈ ಕೆಲಸ ಕಲಿಸಿದ ಅವ್ವಣ್ಣ ಮಾಸ್ತರರದು ಒಂದು ಕಟ್ಟುನಿಟ್ಟಿತ್ತು. ಪೆಟ್ಟಿಗೆ ಸರಿಸುವವನು ಕುರ್ಚಿಯಲ್ಲಿ ಕೂತು ಕೇಳುವಂತಿಲ್ಲ. ತಾನು ಮಾಡಿದ್ದು ತನಗೆ ಯಾವಾಗಲೂ ಚೆಂದವೇ ಕೇಳಿಸುತ್ತದೆ ಎಂಬುದು ಅವರ ವಾದ. ಮನೆಯವರು ಯಾರಾದರೂ ಕೂರಬೇಕು, ಅವರು ಹೌದೆಂದಾಗ ಕೆಲಸ ಮುಗಿಯಬೇಕು. ಈ ಪದ್ಧತಿಯನ್ನು ನಾನು ಒಂದು ದಿನವೂ ಮುರಿದಿಲ್ಲ. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂರುವವಳು ನನ್ನ ಹೆಂಡತಿ ರೇಣು.

ರೇಣುವಿನ ಕಿವಿಯೆಂದರೆ ಸಾಮಾನ್ಯದ್ದಲ್ಲ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಆಕೆಯ ಕೆಲಸವೇ ಕೇಳುವುದು. ತಯಾರಾದ ಗೇರ್‌ಬಾಕ್ಸನ್ನು ತಿರುಗಿಸಿ, ಸದ್ದು ಕೇಳಿ, ಒಳಗಿನ ಹಲ್ಲು ಕೆಟ್ಟಿದ್ದರೆ ಪಕ್ಕಕ್ಕಿಡುತ್ತಾಳೆ. ಮನೆ ಬದಲಿಸಲೆಂದು ಹತ್ತು ದಿನ ರಜೆ ಹಾಕಿದ್ದಳು.

ಮೊದಲ ದಿನ ಆಕೆ ಕೂತು ಒಂದು ಹಾಡು ಪೂರ್ತಿ ಕೇಳಿದಳು.

"ದನಿ ಎಡಕ್ಕ ಜಗ್ಗತದ ನೋಡ್ರಿ," ಎಂದಳು.

ಬಲಗಡೆಯ ಪೆಟ್ಟಿಗೆಯನ್ನು ಎರಡು ಬೆರಳು ಮುಂದೆ ತಂದೆ. ಇನ್ನೂ ಎಡಕ್ಕೇ ಎಂದಳು. ಎಡಬಲದ ವಾಯರ್ ಅದಲುಬದಲು ಮಾಡಿದೆ. ಆಗಲೂ ಎಡಕ್ಕೇ. ಹಾಗಾದರೆ ದೋಷ ಮಶಿನ್ನಿನದಲ್ಲ, ಕೋಣೆಯದು ಎಂದು ನಾನು ದೊಡ್ಡ ಪಂಡಿತನ ಹಾಗೆ ತೀರ್ಮಾನಿಸಿದೆ. ಬಲಕ್ಕೆ ಬಾಲ್ಕನಿಯ ಬಾಗಿಲಿದೆ, ಆ ಕಡೆಯ ಸದ್ದು ಹೊರಗೆ ಸೋರಿಹೋಗುತ್ತದೆ. ಎಡಕ್ಕೆ ಬೋಳು ಗೋಡೆಯಿದೆ, ಅದು ಸದ್ದನ್ನು ತಿರುಗಿ ಒಗೆಯುತ್ತದೆ. ಫ್ಲ್ಯಾಟ್ ಕಟ್ಟಿದವನಿಗೆ ಬಾಯಿಗೆ ಬಂದಂತೆ ಬೈದೆ. ಬಾಲ್ಕನಿಗೆ ದಪ್ಪ ಪರದೆ ಹಾಕಿದೆ, ಎಡಗೋಡೆಗೆ ಗಾದಿ ನಿಲ್ಲಿಸಿದೆ.

ನಾಲ್ಕನೆಯ ದಿನ ನನ್ನ ತಲೆ ಕೆಟ್ಟಿತು.

"ಲಕ್ಷ್ಯ ಎಲ್ಲಿ ಇಟ್ಟಿ ನೀ? ಕಿವಿ ತೊಳಕೊಂಡ ಬಂದು ಕೂಡು," ಎಂದು ಕೂಗಾಡಿದೆ.

ಆಕೆಯ ಮುಖ ಬಿಳಿಚಿಕೊಂಡಿತು. ನನ್ನ ಸಿಟ್ಟಿಗೆ ಅಂಜಿದಳು ಎಂದುಕೊಂಡೆ. ಆದರೆ ಆಕೆ ಎದ್ದು ಹೋಗಲಿಲ್ಲ. ಕುತ್ತಿಗೆ ನೆಟ್ಟಗೆ ಮಾಡಿಕೊಂಡು, "ಇನ್ನೊಮ್ಮೆ ಹಚ್ರಿ," ಎಂದಳು. ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯುವ ಮೊದಲೇ ತಾನಾಗಿ ಕುರ್ಚಿಯಲ್ಲಿ ಹೋಗಿ ಕೂತಿದ್ದಳು. ಕೈಗಳೆರಡೂ ಸೆರಗು ಹಿಂಡುತ್ತಿದ್ದವು. ಆ ವಾರ ಆಕೆಯ ದಿಂಬಿಗೆ ಬೆಳ್ಳುಳ್ಳಿ ಎಣ್ಣೆಯ ವಾಸನೆ ಬರುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ.

ಎಂಟನೆಯ ದಿನ ಹಟಕ್ಕೆ ಬಿದ್ದು ಬಲಗಡೆಯ ಪೆಟ್ಟಿಗೆಯನ್ನು ಆಕೆಯಿಂದ ಒಂದು ಮಾರು ದೂರಕ್ಕೇ ತಂದಿಟ್ಟು, ಅದರ ಮುಖ ಆಕೆಯ ಕಡೆ ತಿರುಗಿಸಿದೆ. ಯಾವ ಲೆಕ್ಕಕ್ಕೂ ಸಿಗದ ಜಾಗವದು. ಹಾಡು ಶುರುವಾಯಿತು. ರೇಣು ಕಣ್ಣು ಮುಚ್ಚಿದಳು.

"ಬಂತ್ರಿ," ಎಂದಳು. "ನಡುವ ಬಂತು."

ಹೇಳಿ ಗಳಗಳ ಅತ್ತುಬಿಟ್ಟಳು. ನಾನೋ, ನನ್ನ ಕೈಗುಣಕ್ಕೆ ಹೆಂಡತಿ ಕರಗಿಹೋದಳೆಂದು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಇವತ್ತಿಗೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಮರುದಿನ ಮಧ್ಯಾಹ್ನ ಮೇಲಿನ ಮನೆಯ ವಿನೀತ ನೋಡಲು ಬಂದ. ಧಾರವಾಡದ ಕಡೆಯವನು. ಜಂಬದಿಂದ ಅವನನ್ನು ಕುರ್ಚಿಯಲ್ಲಿ ಕೂರಿಸಿದೆ. ಅರ್ಧ ನಿಮಿಷಕ್ಕೆ ಆತ ತಲೆ ಕೆರೆದುಕೊಂಡ.

"ಅಣ್ಣಾರ, ಇದೇನ್ರಿ, ಬರೇ ಬಲಕ್ಕ ಕೇಳಸ್ತದಲ್ಲ," ಎಂದ.

ಅವನಿಗೇನು ಗೊತ್ತು ಎಂದು ನಕ್ಕೆ. ಆತ ಹೋದ ಮೇಲೆ ಯಾಕೋ ಮನಸ್ಸು ತಡೆಯಲಿಲ್ಲ. ಮಾಸ್ತರರ ಮಾತು ಮೀರಿ ನಾನೇ ಆ ಕುರ್ಚಿಯಲ್ಲಿ ಕೂತೆ. ಹಾಡುವವಳು ನಡುವೆ ಇರಲಿಲ್ಲ. ಪೂರ್ತಿ ದನಿ ಬಲಗಿವಿಗೇ ಬಂದು ಬಡಿಯುತ್ತಿತ್ತು. ಇದು ನಡುವೆ ಕೇಳಿಸಬೇಕಾದರೆ ಕೂತವರ ಬಲಗಿವಿ ಎಷ್ಟು ಮಂದವಾಗಿರಬೇಕು ಎಂಬ ವಿಚಾರ ಬಂದದ್ದೇ ತಡ, ಹಾಡು ನಿಲ್ಲಿಸಿ ಎದ್ದೆ.

ಅಡುಗೆಮನೆಯಲ್ಲಿ ರೇಣು ಬೆನ್ನು ಮಾಡಿ ನಿಂತಿದ್ದಳು. ಸದ್ದಿಲ್ಲದೆ ಹಿಂದೆ ಹೋಗಿ ಆಕೆಯ ಬಲಗಿವಿಯ ಹತ್ತಿರ ಬೆರಳು ತಿಕ್ಕಿದೆ. ಆಕೆ ಸೊಪ್ಪು ಸೋಸುತ್ತಲೇ ಇದ್ದಳು. ಇನ್ನೂ ಜೋರಾಗಿ ತಿಕ್ಕಿದೆ. ದೇವರೇ, ಒಮ್ಮೆ ತಿರುಗಲಿ ಎಂದು ಬೇಡಿಕೊಂಡೆ. ತಿರುಗಲಿಲ್ಲ. ಎಡಗಡೆ ತಿಕ್ಕಿದ ಕೂಡಲೇ ಬೆಚ್ಚಿ ತಿರುಗಿದಳು.

"ಬಲಗಿವಿಗೆ ಏನಾಗೇದ?" ಎಂದೆ.

ಆಕೆ ಅಲ್ಲೇ ನೆಲದ ಮೇಲೆ ಕೂತಳು. "ಸ್ಪೀಕರ್ ಹಚ್ಚಿದ ದಿನ ಬೆಳಿಗ್ಗೆ ಎದ್ದಾಗ ಮುಚ್ಚಿಧಂಗ ಆಗಿತ್ತು. ನೆಗಡಿ ಇರಬೇಕಂತ ಎಣ್ಣಿ ಹಾಕಿದೆ. ದಿನಾ ಆ ಕುರ್ಚ್ಯಾಗ ಕೂತು ನೋಡತಿದ್ದೆ, ದನಿ ನಡುವ ಬಂದ್ರ ಕಿವಿ ಬಿಡ್ತು ಅಂತ. ನಿನ್ನೆ ಬಂತಲ್ರಿ. ನಾ ಆರಾಮ ಆತಂತ ತಿಳದೆ."

"ನನಗ ಯಾಕ ಹೇಳಲಿಲ್ಲ?"

"ಕಾರ್ಖಾನ್ಯಾಗ ನನ್ನ ಜೋಡಿ ಸದ್ದು ಕೇಳತಿದ್ದ ರಾಜೀವಿಗೆ ಒಂದು ಕಿವಿ ಮಂದ ಆತಂತ ಪ್ಯಾಕಿಂಗಿಗೆ ಹಾಕಿದ್ರು. ಆರು ತಿಂಗಳಿಗೆ ಕೆಲಸಾನ ಬಿಡಿಸಿದ್ರು. ನನಗ ಭಾಳ ಅಂಜಿಕಿ ಆತ್ರಿ. ನೀವೂ ಸಿಟ್ಟಿನ್ಯಾಗ ಇದ್ರಿ."

ಒಂದು ತಾಸಿನೊಳಗೆ ಕಿವಿಯ ಡಾಕ್ಟರರ ಮುಂದೆ ಇದ್ದೆವು. ಎಷ್ಟು ದಿನವಾಯಿತು ಎಂದು ಅವರು ಮರಾಠಿಯಲ್ಲಿ ಕೇಳಿದರು.

"ದೋನ್ ದಿವಸ್," ಎಂದಳು ರೇಣು, ತಟ್ಟನೆ.

ಆ ಸುಳ್ಳು ಯಾರಿಗಾಗಿ ಎಂದು ನನಗೆ ಗೊತ್ತಾಯಿತು. ಎರಡಲ್ಲ, ಒಂಬತ್ತು ಎಂದೆ. ನಾನೇ ತಡಮಾಡಿದೆ ಎಂದೂ ಹೇಳಿದೆ. ಬರೆಯುತ್ತಿದ್ದ ಡಾಕ್ಟರರು ಪೆನ್ನು ಕೆಳಗಿಟ್ಟರು. ಹೀಗೆ ದಿಢೀರನೆ ಕಿವಿ ಹೋದರೆ ಮೊದಲ ಎರಡು ಮೂರು ದಿನ ಬಹಳ ಮುಖ್ಯ, ಇವತ್ತೇ ಔಷಧ ಶುರು ಮಾಡುತ್ತೇನೆ, ಆದರೆ ತಿರುಗಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಅದಕ್ಕೆ ಮೊದಲು, ಎಷ್ಟು ಕೇಳಿಸುತ್ತದೆಂದು ಪರೀಕ್ಷೆಯಾಗಬೇಕಿತ್ತು.

ಗಾಜಿನ ಗೂಡಿನೊಳಗೆ ಆಕೆಗೆ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಹೊರಗೆ ಪರೀಕ್ಷೆಯ ಹುಡುಗಿ ಗುಂಡಿ ಒತ್ತುತ್ತಿದ್ದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಎಡಗಿವಿಗೆ ರೇಣುವಿನ ಕೈ ಪ್ರತಿ ಸಲವೂ ಪಟ್ಟನೆ ಎದ್ದಿತು. ಆಮೇಲೆ ಬಲಗಿವಿ. ಹುಡುಗಿ ಒತ್ತಿದಳು, ಕೈ ಏಳಲಿಲ್ಲ. ಸದ್ದು ಹೆಚ್ಚಿಸಿ ಒತ್ತಿದಳು. ಇನ್ನೂ ಹೆಚ್ಚಿಸಿದಳು. ಕೈ ತೊಡೆಯ ಮೇಲೇ ಇತ್ತು. ನಿನ್ನೆ ಅಷ್ಟಿಷ್ಟು ಉಳಿದಿದ್ದದ್ದೂ ಹೋಗಿತ್ತು. ಹುಡುಗಿ ಗುಂಡಿ ಬಿಟ್ಟು ಕಾಗದದಲ್ಲಿ ಏನೋ ಬರೆಯತೊಡಗಿದಳು.

ಗಾಜಿನಾಚೆಯಿಂದ ರೇಣು ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಸಮಾಧಾನ ಹೇಳುವವಳ ಹಾಗೆ ಸಣ್ಣಗೆ ನಕ್ಕು ಕೈ ಎತ್ತಿದಳು. ಆಗ ಯಾವ ಸದ್ದೂ ಇರಲಿಲ್ಲ.