ಅಕ್ಕನ ಮಜ್ಜೆ

ತುಮಕೂರು ಸದಾಶಿವನಗರದ ಭೀಮರಾಜ್, ಶಶಿಕಲಾ ದಂಪತಿಯ ಮಗ ಚೈತನ್ಯನಿಗೆ ಜ್ವರ ಬಿಟ್ಟ ವಾರವೇ ಇರಲಿಲ್ಲ. ಒಂದನೇ ಕ್ಲಾಸಿಗೆ ಸೇರಿದ್ದರೂ ಅಂಗನವಾಡಿ ಮಗುವಿನಷ್ಟೇ ಇದ್ದ. ಆ ವರ್ಷ ಮೈಮೇಲೆಲ್ಲ ನೀಲಿ ಕಲೆ ಬಿದ್ದು, ರಕ್ತ ತೀರಾ ಇಳಿದುಹೋಯಿತು. ಮಕ್ಕಳ ಡಾಕ್ಟರು ವೆಂಕಟರಂಗಯ್ಯ ಜೀನ್ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದಾಗ ಇಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನಮ್ಮ ಜೀವಕೋಶದೊಳಗೆ ಡಿಎನ್‌ಎ ಎಳೆಗಳು ಆಗಾಗ ತುಂಡಾಗ್ತಾನೇ ಇರ್ತವೆ. ಕೆಲವು ಪ್ರೋಟೀನ್‌ಗಳು ಆ ತುದಿಗಳನ್ನ ಹತ್ತಿರ ತಂದು ಹಿಡ್ಕೋತವೆ. ಕೊನೇಲಿ ಬೆಸೆಯೋದು ಲೈಗೇಸ್ ಅನ್ನೋ ಕಿಣ್ವ. ನಿಮ್ಮ ಮಗನಲ್ಲಿ ಒಂದು ಬಗೆಯ ಲೈಗೇಸ್ ಸರಿಯಾಗಿ ಕೆಲಸ ಮಾಡ್ತಿಲ್ಲ. ಅದಕ್ಕೇ ರಕ್ತ ತಯಾರಿಸೋ ಮೂಳೆಮಜ್ಜೆ ಸೋಲ್ತಿದೆ. ಎಕ್ಸ್‌ರೇ, ಸ್ಕ್ಯಾನ್ ಅಂತ ಯಾರೇ ಹೇಳಿದ್ರೂ ಮೊದಲು ನನ್ನ ಕೇಳಿ. ಆ ಕಿರಣ ಎಳೆಗಳನ್ನ ಇನ್ನಷ್ಟು ಮುರಿಯುತ್ತೆ."

"ನಮ್ಮಿಬ್ರಿಗೂ ಏನೂ ಆಗಿಲ್ವಲ್ಲ ಸಾರ್?" ಎಂದ ಭೀಮರಾಜ್.

"ನಿಮ್ಮಿಬ್ಬರಲ್ಲೂ ಆ ಜೀನಿನ ಒಂದು ಪ್ರತಿ ಚೆನ್ನಾಗಿದೆ, ಅಷ್ಟು ಸಾಕು. ಇವನಿಗೆ ಎರಡೂ ಕೆಟ್ಟದ್ದೇ ಬಂದಿವೆ. ಹೊಂದೋ ಮಜ್ಜೆ ಸಿಕ್ಕಿದ್ರೆ ರಕ್ತ ಸರಿಹೋಗಬಹುದು. ಮಗಳನ್ನ ಕರ್ಕೊಂಡು ಬನ್ನಿ. ಅವಳ ಮಜ್ಜೆ ಹೊಂದುತ್ತಾ, ಅವಳಿಗೂ ಈ ತೊಂದರೆ ಇದೆಯಾ, ಎರಡೂ ನೋಡ್ಬೇಕು."

ಹೈಸ್ಕೂಲಿನಲ್ಲಿದ್ದ ಸುಶ್ಮಿತಾಳ ರಕ್ತವೂ ಪರೀಕ್ಷೆಗೆ ಹೋಯಿತು. ಮಗಳು ಸುಮ್ಮನೆ ಕೆಮ್ಮಿದರೂ ಶಶಿಕಲಾ ಅವಳ ಹಣೆ ಮುಟ್ಟಿ ನೋಡುತ್ತಿದ್ದಳು.

ಕಡಬದಿಂದ ಅತ್ತೆ ನರಸಮ್ಮ ಬಂದರು. ಕುಣಿಗಲ್‌ನಲ್ಲಿದ್ದ ತಮ್ಮನ ಮಗಳೇ ಸೊಸೆಯಾಗಬೇಕೆಂದು ಹಟ ಹಿಡಿದು ಈ ಮದುವೆ ಮಾಡಿಸಿದವರು ಅವರೇ. ಸಂಬಂಧದೊಳಗೆ ಮದುವೆಯಾದರೆ ಇಂಥದ್ದು ಹೆಚ್ಚು ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು.

"ನಾನೇ ಕಣವ್ವ ಈ ಮಗೀಗ್ ಹಿಂಗ್ ಮಾಡ್ದೋಳು," ಎಂದು ಅಡುಗೆಮನೆ ಬಾಗಿಲಲ್ಲೇ ನಿಂತು ಅತ್ತರು.

ಶಶಿಕಲಾಳಿಗೆ ಒಳಗೊಳಗೆ ಅವರ ಮೇಲೆ ಸಿಟ್ಟಿದ್ದದ್ದು ನಿಜ. ಆ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ.

"ಬುಡಿ ಅತ್ತೆ, ನಿಮ್ಗೇನ್ ಕನ್ಸು ಬಿದ್ದಿತ್ತಾ? ಬನ್ನಿ, ಕೂತ್ಕಳಿ."

ಡಾಕ್ಟರ ಫೋನ್ ಬಂದಾಗ ಅವಳು ಗುಬ್ಬಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

"ಸುಶ್ಮಿತಾ ಆರೋಗ್ಯವಾಗಿದಾಳಮ್ಮ. ಮಜ್ಜೆ ಪೂರ್ತಿ ಹೊಂದುತ್ತೆ."

ಶಶಿಕಲಾ ಹೊರಗೆ ವರಾಂಡದ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಹಲೋ, ಕೇಳಿಸ್ತಾ ಇದ್ಯಾ?" ಎಂದು ಡಾಕ್ಟರು ಕೂಗುತ್ತಲೇ ಇದ್ದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ, ಹಳೆಯ ಮಜ್ಜೆಯನ್ನು ಅಳಿಸಲು ಕಿರಣ ಹಾಯಿಸದೆ, ಆ ಪುಟ್ಟ ಮೈ ತಡೆಯುವಷ್ಟೇ ಔಷಧಿ ಕೊಟ್ಟು ಅಕ್ಕನ ಮಜ್ಜೆಯನ್ನು ತಮ್ಮನಿಗೆ ಹಾಕಿದರು. ಆಮೇಲಿನ ವಾರಗಳನ್ನು ಗಂಡ ಹೆಂಡತಿ ಹೇಗೆ ಕಳೆದರೋ ಅವರಿಗೇ ಗೊತ್ತು. ಕೊನೆಗೂ ರಕ್ತಕಣಗಳು ಏರತೊಡಗಿದವು. ಕಿರಣದ ಎಚ್ಚರಿಕೆ ಜೀವನಪೂರ್ತಿ ಬೇಕು, ಆದರೆ ಮಜ್ಜೆಯ ಚಿಂತೆ ಬೇಡ ಎಂದರು ಡಾಕ್ಟರು.

ಮನೆಗೆ ಬಂದು ಕೆಲವು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಮಕ್ಕಳಿಬ್ಬರೂ ಟಿವಿ ರಿಮೋಟಿಗೆ ಕಿತ್ತಾಡಿದರು.

"ನನ್ ರಕ್ತ ಇಟ್ಕಂಡು ನನ್ಗೇ ಒದೀತೀಯೇನ್ಲಾ?"

"ಹಂಗಾದ್ರೆ ನಿನ್ಗೆ ನೀನೇ ಒದ್ಕಂಡಂಗೆ ಕಣೇ!"

ನರಸಮ್ಮ ಸೆರಗು ಬಾಯಿಗೊತ್ತಿ ನಕ್ಕರು. ಶಶಿಕಲಾ ಬೈಯಲಿಲ್ಲ. ಆ ಗಲಾಟೆ ಕೇಳುತ್ತಲೇ ಒಳಗೆ ಹೋಗಿ ಮಲಗಿದಳು. ಮಲಗಿದ ಕೂಡಲೇ ನಿದ್ದೆ ಬಂತು.